ಕರಿ ಸೂಜಿ, ಕೇಸರಿ ಸೂಜಿ

ಸ್ಲೈಡುಗಳನ್ನು ಅದ್ದುವ ಸ್ಪಿರಿಟ್ಟು, ಅವುಗಳ ಮೇಲೆ ಹಾಕುವ ನೀಲಿ ಬಣ್ಣ, ಎರಡೂ ಸೇರಿದರೆ ಒಂದು ವಾಸನೆ ಬರುತ್ತದೆ. ಮೂಗಿಗೆ ಚುಚ್ಚುತ್ತದೆ, ಆದರೆ ಕೆಟ್ಟದ್ದೇನಲ್ಲ. ಹೋದ ತಿಂಗಳು ಧಾರವಾಡದ ನಮ್ಮ ಆಸ್ಪತ್ರೆಯಲ್ಲಿ ಪೆಥಾಲಜಿಯವರ ಮೇಜನ್ನು ನನ್ನ ಸ್ಕ್ಯಾನಿಂಗ್ ಕೋಣೆಯ ಮೂಲೆಗೇ ತಂದಿಟ್ಟರು. ಓಡಾಟ ತಪ್ಪಿತು ಎಂದು ಎಲ್ಲರೂ ಖುಷಿಪಟ್ಟರು. ನಾನು ಮಾತ್ರ ಕಿಟಕಿ ತೆಗೆಯಲೆಂದು ಎದ್ದವಳು ಅಲ್ಲೇ ನಿಂತುಬಿಟ್ಟೆ. ಹುಬ್ಬಳ್ಳಿಯ ಆ ಬೇಸಿಗೆ ನೆನಪಾಯಿತು. ಅದಕ್ಕೀಗ ಹತ್ತು ವರ್ಷವಾಗುತ್ತ ಬಂತು.

ಎಂ.ಡಿ. ಮುಗಿಸಿ ಬಂದ ಮೊದಲ ವರ್ಷ ಅದು. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದಲ್ಲಿ ಕಿರಿಯ ಡಾಕ್ಟರಾಗಿ ಸೇರಿದ್ದೆ. ಮುಖ್ಯಸ್ಥರು ದೇಸಾಯಿ ಸರ್. ಎಂ.ಬಿ.ಬಿ.ಎಸ್. ಓದುವಾಗ ನನಗೆ ಪಾಠ ಹೇಳಿದವರು, ಈ ಕೆಲಸಕ್ಕೆ ಕರೆದವರೂ ಅವರೇ. ಮನೆಯಲ್ಲಿ ಗಂಡನ ಒಂದು ಮಾತಿಗೆ ಹತ್ತು ಮಾತು ತಿರುಗಿಸುವ ನಾನು ಸರ್ ಎದುರು ಕುರ್ಚಿಯ ತುದಿಯಲ್ಲಿ ಕೂತು ಹೂಂ ಅನ್ನುತ್ತಿದ್ದೆ. ಅದನ್ನು ಗೌರವ ಎಂದು ತಿಳಿದಿದ್ದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಅಂಜಿಕೆ ಎನ್ನುವುದು ಆಮೇಲೆ ಗೊತ್ತಾಯಿತು.

ವಿಭಾಗ ನಿಜಕ್ಕೂ ನಡೆಯುತ್ತಿದ್ದುದು ಸುಶೀಲಾ ಸಿಸ್ಟರ್ ಕೈಯಲ್ಲಿ. ಉಣಕಲ್ಲಿನವರು, ಐವತ್ತರ ಹತ್ತಿರದ ವಯಸ್ಸು, ಆ ಕೋಣೆಯಲ್ಲೇ ಇಪ್ಪತ್ತು ವರ್ಷ ಕಳೆದವರು. ಯಾವ ಡಾಕ್ಟರಿಗೆ ಯಾವ ಗ್ಲೌಸು, ಯಾರಿಗೆ ಹಸಿವಾದರೆ ಸಿಟ್ಟು ಬರುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ಕುತ್ತಿಗೆಯಲ್ಲಿ ಥೈರಾಯ್ಡಿನ ಗಂಟು ಎಂದು ಬಂದವರಿಗೆ ಸ್ಕ್ಯಾನಿನಲ್ಲಿ ನೋಡಿಕೊಂಡೇ ಸೂಜಿ ಹಾಕಿ ಒಂದಿಷ್ಟು ಜೀವಕೋಶ ತೆಗೆಯುತ್ತಿದ್ದೆವು. ಅದು ಕ್ಯಾನ್ಸರೋ ಅಲ್ಲವೋ ಎಂದು ಪೆಥಾಲಜಿಯ ನದಾಫ್ ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಿದ್ದರು. ರೋಗಿಯ ಎದುರು ಸೂಜಿ ಎಂಬ ಶಬ್ದ ಆಡಬಾರದು ಎನ್ನುವುದು ಸಿಸ್ಟರ್ ಮಾಡಿದ ಕಾನೂನು. ಸೂಜಿಯ ಬುಡದ ಪ್ಲಾಸ್ಟಿಕ್ಕಿಗೆ ದಪ್ಪಕ್ಕೊಂದು ಬಣ್ಣ ಇರುತ್ತದಲ್ಲ, ಆ ಬಣ್ಣದ ಹೆಸರನ್ನಷ್ಟೇ ಹೇಳಬೇಕು. ಇಪ್ಪತ್ತೆರಡನೇ ನಂಬರಿನದು ಕರಿ, ಇಪ್ಪತ್ತಮೂರು ನೀಲಿ, ಇಪ್ಪತ್ತೈದು ಕೇಸರಿ. ನಂಬರು ಏರಿದಷ್ಟೂ ಸೂಜಿ ಸಣ್ಣದಾಗುತ್ತದೆ. ಮೂರರಲ್ಲಿ ಕರಿ ಎಲ್ಲಕ್ಕಿಂತ ದಪ್ಪ, ಕೇಸರಿ ಎಲ್ಲಕ್ಕಿಂತ ಸಣ್ಣ. "ನೀಲಿ ಕೊಡ್ರಿ" ಎಂದು ಸರ್ ಮೆಲ್ಲಗೆ ಹೇಳಿದರೆ ಮಂಚದ ಮೇಲೆ ಮಲಗಿದವರಿಗೆ ಏನೂ ತಿಳಿಯುತ್ತಿರಲಿಲ್ಲ.

ಆ ವರ್ಷ ಹೋಳಿಯ ಮುಂದೆ ನಮ್ಮ ಯಂತ್ರಕ್ಕೆ ಹೊಸ ಪ್ರೋಬ್ ಬಂತು. ಪ್ರೋಬ್ ಎಂದರೆ ಮೈಮೇಲೆ ಇಟ್ಟು ಒಳಗಿನದನ್ನು ಪರದೆಗೆ ತರುವ ಹಿಡಿ. ಕಂಪನಿಯ ಎಂಜಿನಿಯರು ತೋರಿಸಿಕೊಡಲು ಬಂದಿದ್ದ, ಅವನಿಗೊಂದು ಕುತ್ತಿಗೆ ಬೇಕಿತ್ತು. "ನಂದ ತಗೋಳ್ರಿ, ಪುಕ್ಕಟೆ ಐತಿ" ಎಂದು ಸಿಸ್ಟರ್ ನಗುತ್ತ ಮಲಗಿದರು. ನಾನೂ ನಗುತ್ತಲೇ ಪ್ರೋಬ್ ಇಟ್ಟೆ. ಎಡಗಡೆ, ಮಿಡಿಯುವ ದೊಡ್ಡ ರಕ್ತನಾಳದ ಪಕ್ಕದಲ್ಲಿ, ಅವರೆಕಾಳಿನಷ್ಟು ಕಪ್ಪು ಗಂಟು. ಅಗಲಕ್ಕಿಂತ ಎತ್ತರ ಹೆಚ್ಚು, ಒಳಗೆ ಬಿಳಿ ಚುಕ್ಕೆಗಳು. ಎರಡೂ ಒಳ್ಳೆಯ ಲಕ್ಷಣಗಳಲ್ಲ. ಎಂಜಿನಿಯರು ಚಿತ್ರ ಎಷ್ಟು ಸ್ಪಷ್ಟ ನೋಡಿ ಮೇಡಂ ಎಂದು ಬಣ್ಣಿಸುತ್ತಲೇ ಇದ್ದ. ಸಿಸ್ಟರ್ ಪರದೆ ನೋಡಲಿಲ್ಲ, ನನ್ನ ಮುಖ ನೋಡಿದರು.

"ಏನ ಐತ್ರಿ?" ಎಂದರು.

"ಸಣ್ಣದೊಂದು ಗಂಟು ಐತ್ರಿ. ತಗದು ನೋಡೂಣು."

ಅವರು ಎದ್ದು ಕುತ್ತಿಗೆ ಒರೆಸಿಕೊಂಡರು. ಎಂಜಿನಿಯರ್ ಹೋದ ಮೇಲೆ ಹೇಳಿದರು: "ಮೇಡಂ, ನನ್ನ ಮಗಳು ಬಸುರಿ ಅದಾಳ. ಚೊಚ್ಚಲ. ಆಷಾಢದಾಗ ದಿನ ತುಂಬತಾವು. ಬಾಣಂತನಕ್ಕ ನನ್ನ ಬಿಟ್ರ ಯಾರೂ ಇಲ್ಲ. ಏನರ ಇದ್ರ ಈಗ ಹೇಳಿಬಿಡ್ರಿ. ಲಗೂ ಕೊಯ್ಸಿಕೊಂಡು, ಆಕಿ ಬರೂದ್ರಾಗ ಎದ್ದ ಕುಂದರತೇನಿ." ಅವರಿಗೆ ಬೇಕಾಗಿದ್ದು ಅಷ್ಟೇ. ಹೌದೋ ಅಲ್ಲವೋ, ಬೇಗ ಗೊತ್ತಾಗಬೇಕು.

ರಂಗಪಂಚಮಿಯ ಮರುದಿನ ಸೂಜಿ ಹಾಕುವುದೆಂದಾಯಿತು. ಸಿಸ್ಟರ್ ಕಿವಿಯ ಹಿಂದೆ ಗುಲಾಬಿ ಬಣ್ಣ ಇನ್ನೂ ಹೋಗಿರಲಿಲ್ಲ. ಸೂಜಿ ಸರ್ ಕೈಯಲ್ಲಿ, ಪ್ರೋಬ್ ನನ್ನ ಕೈಯಲ್ಲಿ. ಸರ್ ಕೆಲಸ ಕಲಿತದ್ದು ಸ್ಕ್ಯಾನ್ ಇಲ್ಲದ ಕಾಲದಲ್ಲಿ, ಕೈಗೆ ಸಿಗುವ ದೊಡ್ಡ ದೊಡ್ಡ ಗಂಟುಗಳ ಮೇಲೆ. ನೀಲಿ ಸೂಜಿ, ಹಿಂದೆ ದೊಡ್ಡ ಸಿರಿಂಜು, ಗಟ್ಟಿಯಾಗಿ ಎಳೆಯುವುದು, ಇದು ಅವರ ಪದ್ಧತಿ. ಬೇರೆ ಗಂಟುಗಳಿಗೆ ಅದು ನಡೆಯುತ್ತದೆ. ಥೈರಾಯ್ಡು ಹಾಗಲ್ಲ, ಅದರ ತುಂಬ ರಕ್ತ. ಸೂಜಿ ದಪ್ಪವಾಗಿ, ಎಳೆತವೂ ಜೋರಾದರೆ ಬರುವುದು ರಕ್ತವೇ, ನಮಗೆ ಬೇಕಾದ ನಾಲ್ಕು ಜೀವಕೋಶ ಅದರೊಳಗೆ ಕಳೆದುಹೋಗುತ್ತವೆ. ನಾನು ಎಂ.ಡಿ. ಮಾಡಿದ ಕಡೆ ಇಂಥದ್ದಕ್ಕೆ ಕೇಸರಿ ಸೂಜಿ ಹಾಕಿ, ಎಳೆಯದೆ, ತಾನಾಗಿ ಏರಿದಷ್ಟನ್ನೇ ತೆಗೆಯುತ್ತಿದ್ದೆವು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಸರ್ ಎರಡು ಸಲ ಎಳೆದರು. ಮೂರನೆಯ ಸಲಕ್ಕೆ ಸೂಜಿಯ ಬುಡದಲ್ಲಿ ಕೆಂಪು ಕಂಡಿತು. ಅಲ್ಲಿಗೆ ನಿಲ್ಲಿಸಬೇಕು, ಹೊಸ ಸೂಜಿ ತೆಗೆದುಕೊಳ್ಳಬೇಕು. ಸರ್ ಕಣ್ಣು ಪರದೆಯ ಮೇಲಿತ್ತು, ಅವರಿಗೆ ಕಾಣಲಿಲ್ಲ. ನನಗೆ ಕಂಡಿತು. "ಸರ್, ಸಾಕು" ಎನ್ನಲು ಒಂದು ಉಸಿರು ಸಾಕಿತ್ತು. ನಾನು ಅನ್ನಲಿಲ್ಲ. ಸಿರಿಂಜಿನ ಕಾಲು ಭಾಗ ರಕ್ತ ತುಂಬಿತು. "ಛಲೋ ಮಾಲು ಬಂತು" ಎಂದು ಸರ್ ಸಮಾಧಾನದಿಂದ ಗ್ಲೌಸು ಬಿಚ್ಚಿದರು.

ಎರಡು ದಿನಕ್ಕೆ ವರದಿ ಬಂತು. ಬರೀ ರಕ್ತ, ಜೀವಕೋಶ ಸಾಲದು, ಏನೂ ಹೇಳಲಾಗದು. ನದಾಫ್ ಡಾಕ್ಟರು ಇನ್ನೊಂದು ಮಾತನ್ನೂ ಸೇರಿಸಿದರು. ಸೂಜಿ ಚುಚ್ಚಿದ ಗಾಯ ಮಾಯುವಾಗ ಜೀವಕೋಶಗಳು ರೂಪ ಬದಲಿಸಿ ಮೋಸ ಮಾಡುತ್ತವೆ, ಆದ್ದರಿಂದ ಮೂರು ತಿಂಗಳು ಬಿಟ್ಟು ಮತ್ತೆ ಮಾಡಬೇಕು. ಎರಡನೆಯ ಸಲವೂ ಹೀಗೇ ಆದರೆ ಅರ್ಧ ಗ್ರಂಥಿ ತೆಗೆದೇ ನೋಡಬೇಕಾಗುತ್ತದೆ ಎಂದು ಸರ್ಜನ್ ಹೇಳಿದರು. ಸಿಸ್ಟರ್ ವರದಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಮುಂದಿನ ರೋಗಿಯನ್ನು ಕರೆದರು.

ಆ ಮೂರು ತಿಂಗಳು ಹೇಗೆ ಹೋದವು ಎಂದರೆ, ಹೋಗಲೇ ಇಲ್ಲ. ಬಿಸಿಲು ಹೊತ್ತೇರುವ ಮೊದಲೇ ಗೋಡೆ ಕಾಯಿಸುತ್ತಿತ್ತು. ಮಧ್ಯಾಹ್ನ ಮೋಡ ಕಟ್ಟಿ ಧೂಳೆದ್ದು, ಒಂದು ದಿನ ನಾಲ್ಕು ಹನಿ ಬಿದ್ದರೆ ನಾಲ್ಕು ದಿನ ಬರೀ ಸೆಖೆ. ಅದೇ ಕೋಣೆಯಲ್ಲಿ, ಅದೇ ಮಂಚದ ಪಕ್ಕ ನಿಂತು ಸಿಸ್ಟರ್ ಊರವರ ಕುತ್ತಿಗೆಗೆ ಸ್ಪಿರಿಟ್ ಹಚ್ಚುತ್ತಿದ್ದರು. "ಏನೂ ಆಗೂದಿಲ್ಲವಾ, ಇರಿವಿ ಕಡದಂಗ ಆಕ್ಕೈತಿ" ಎಂದು ಧೈರ್ಯ ಹೇಳುತ್ತಿದ್ದರು. ಮನೆಯಲ್ಲಿ ಮಾತ್ರ ಯಾರಿಗೂ ಹೇಳಿರಲಿಲ್ಲ. ಸೀಮಂತ ಮುಗಿಸಿ ಮಗಳು ತವರಿಗೆ ಬಂದಿದ್ದಳು. ಅವಳೆದುರು ಕುತ್ತಿಗೆ ಮುಟ್ಟಿಕೊಳ್ಳುವುದಕ್ಕೂ ಇವರು ಹೆದರುತ್ತಿದ್ದರು.

ನಾನು ನವನಗರದಲ್ಲಿ ಸಿಟಿ ಬಸ್ಸು ಹತ್ತುತ್ತಿದ್ದೆ, ಅವರು ಉಣಕಲ್ಲಿನಲ್ಲಿ. ಎಪ್ರಿಲ್ಲಿನ ಒಂದು ಬೆಳಿಗ್ಗೆ ನನ್ನ ಪಕ್ಕದ ಸೀಟು ಖಾಲಿ ಇತ್ತು. ಅವರು ಬಂದು ಕೂತರು.

"ಮೇಡಂ, ಒಂದು ಮಾತು ಕೇಳ್ತೇನಿ. ಖರೇ ಹೇಳ್ರಿ."

"ಕೇಳ್ರಿ ಸಿಸ್ಟರ್."

"ನಿನ್ನಿ ನದಾಫ್ ಸಾಹೇಬ್ರ ಕಡೆ ಹೋಗಿ ನನ್ನ ಸ್ಲೈಡ್ ನೋಡಿ ಬಂದೆ. ಕೆಂಪ ಕೆಂಪ. ಅಷ್ಟು ರಗತ ಸೂಜಿ ಬುಡದಾಗ ಬರೂಮುಂದ ನಿಮಗ ಕಂಡಿರಬೇಕಲ್ಲ?"

ಸುಳ್ಳು ಹೇಳಬಹುದಿತ್ತು. "ಕಂಡಿತ್ರಿ" ಎಂದೆ.

"ಅಲ್ಲಿಗೇ ನಿಂದರಸಬೇಕಿತ್ತು, ಹೌದಲ್ರಿ?"

"ಹೌದ್ರಿ."

ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ ದನಿ ಏರಿಸದೆ ಕೇಳಿದರು: "ನನಗಂತೂ ಮಾತಾಡಬ್ಯಾಡ್ರಿ, ಉಗುಳು ನುಂಗಬ್ಯಾಡ್ರಿ ಅಂದಿದ್ರಿ. ನಿಮಗ ಯಾರ ಬ್ಯಾಡ ಅಂದಿದ್ರು?"

ಬಸ್ಸಿಳಿದು ಆಸ್ಪತ್ರೆಯವರೆಗೆ ಇಬ್ಬರೂ ನಡೆದೆವು, ಅವರು ಎರಡು ಹೆಜ್ಜೆ ಮುಂದೆ.

ಅವತ್ತಿನಿಂದ ನನ್ನ ಪಾಲಿಗೆ ಬಂದ ರೋಗಿಗಳಿಗೆ ಕೇಸರಿ ಸೂಜಿ ಹಾಕತೊಡಗಿದೆ. ಸರ್ ನೋಡಿದರು, ಏನೂ ಅನ್ನಲಿಲ್ಲ. ಸಿಸ್ಟರ್ ಮಾತ್ರ, ಆಯಾಳ ಕೈಯಲ್ಲಿ ಕಳಿಸುತ್ತಿದ್ದ ಸ್ಲೈಡುಗಳನ್ನು ತಾವೇ ಒಯ್ಯತೊಡಗಿದರು. ನದಾಫ್ ಡಾಕ್ಟರ ಹತ್ತಿರ ನಿಂತು ಫಲಿತಾಂಶ ಕೇಳಿ ಬಂದು ಬಾಗಿಲಲ್ಲಿ ಒಂದೇ ಶಬ್ದ ಹೇಳುವರು: "ಬಂದಾವು." ನನಗೆ ಪರೀಕ್ಷೆ ಪಾಸಾದಷ್ಟು ಹಗುರವಾಗುತ್ತಿತ್ತು. ಹೀಗೆ ಕೆಲವು ವಾರ ನಡೆಯಿತು. ಒಂದು ದಿನ ಕುಂದಗೋಳದ ಕಡೆಯ ಹೆಂಗಸೊಬ್ಬರ ಗಟ್ಟಿ ಗಂಟಿನಲ್ಲಿ ಕೇಸರಿ ಸೂಜಿ ಬಾಗಿತೇ ಹೊರತು ಒಳಗಿಂದ ಏನೂ ಬರಲಿಲ್ಲ. "ಬಂದಿಲ್ರಿ" ಎಂದು ಸಿಸ್ಟರ್ ಹೇಳಿದಾಗ ಅವರ ಮುಖ ಬಿಳಚಿತ್ತು. ಅವರು ಆ ಹೆಂಗಸಿನ ಬಗ್ಗೆ ಯೋಚಿಸುತ್ತಿರಲಿಲ್ಲ, ನಾನೂ ಯೋಚಿಸುತ್ತಿರಲಿಲ್ಲ. ಕೇಸರಿಯೂ ಕೈಕೊಡಬಹುದು ಎಂದಾಯಿತು. ಇನ್ನು ಯಾವುದನ್ನು ನಂಬುವುದು?

ಜೂನ್ ಬಂತು. ಎರಡನೆಯ ಸಲದ ದಿನ ಬೆಳಿಗ್ಗೆಯಿಂದ ಮುಂಗಾರು ಸುರಿಯುತ್ತಿತ್ತು, ಹಗಲಿಗೇ ದೀಪ ಹಾಕಿಕೊಂಡಿದ್ದೆವು. ಹೊಸ ನರ್ಸ್ ಟ್ರೇ ಜೋಡಿಸಲು ಹೋದರೆ ಸಿಸ್ಟರ್ ತಡೆದರು. "ನನ್ನ ಟ್ರೇ ನಾನ ಇಡ್ತೇನಿ." ಹತ್ತಿ, ಸ್ಪಿರಿಟ್, ಸ್ಲೈಡು. ಆಮೇಲೆ ಒಂದೇ ಸಾಲಿನಲ್ಲಿ ಕರಿ, ನೀಲಿ, ಕೇಸರಿ ಮೂರನ್ನೂ ಇಟ್ಟರು. ಒಂದನ್ನೂ ಮುಂದೆ ಸರಿಸಲಿಲ್ಲ. ಕೈ ಒರೆಸಿಕೊಂಡು, ಭುಜದ ಕೆಳಗೆ ದಿಂಬಿಟ್ಟುಕೊಂಡು, ಕುತ್ತಿಗೆ ಹಿಂದಕ್ಕೆ ಚೆಲ್ಲಿ ಮಲಗಿದರು. ನದಾಫ್ ಡಾಕ್ಟರು ತಮ್ಮ ಸೂಕ್ಷ್ಮದರ್ಶಕವನ್ನೇ ಕೋಣೆಗೆ ತಂದು ಮೂಲೆಯಲ್ಲಿ ಕೂತಿದ್ದರು. ಸ್ಪಿರಿಟ್ಟು, ನೀಲಿ ಬಣ್ಣ ಸೇರಿದ ವಾಸನೆ ಕೋಣೆ ತುಂಬಿತ್ತು.

ಸರ್ ಗ್ಲೌಸು ಹಾಕಿಕೊಂಡು ಹೊಸ ನರ್ಸಿನ ಕಡೆ ಕೈ ಚಾಚಿದರು. "ಹೋದ ಸಲ ನೀಲಿ ಸಾಲಲಿಲ್ಲ. ಈ ಸಲ ಕರೀದು ಕೊಡ್ರಿ."

ದಿನವೂ ಹೇಳುವ ಹಾಗೆಯೇ ಹೇಳಿದರು, ರೋಗಿಗೆ ತಿಳಿಯಬಾರದೆಂದು ದನಿ ತಗ್ಗಿಸಿ. ಆ ಗುಟ್ಟಿನ ಮಾತು ಕಟ್ಟಿದವರೇ ಮಂಚದ ಮೇಲೆ ಮಲಗಿದ್ದಾರೆ ಎನ್ನುವುದು ರೂಢಿಯಲ್ಲಿ ಮರೆತುಹೋಗಿತ್ತು. ಸಿಸ್ಟರ್ ಕಣ್ಣು ಮುಚ್ಚಿದರು. ಅವರ ಕಾಲ್ಬೆರಳುಗಳು ಹೊದಿಕೆಯ ಕೆಳಗೆ ಮುದುಡಿಕೊಂಡವು. ನರ್ಸ್ ಕರಿ ಸೂಜಿಯ ಪ್ಯಾಕೆಟ್ ಹರಿದಳು.

"ಸರ್" ಎಂದೆ.

"ಏನು?"

"ಕರೀದು ಬ್ಯಾಡ್ರಿ ಸರ್. ಹೋದ ಸಲ ಮಾಲು ಕಡಿಮಿ ಬಂದಿದ್ದಲ್ರಿ, ರಗತ ಹೆಚ್ಚಾಗಿತ್ತು. ಬುಡದಾಗ ರಗತ ಬಂದದ್ದು ನನಗ ಕಂಡಿತ್ತು. ಸಾಕು ಅನಬೇಕಿತ್ತು, ಅನಲಿಲ್ಲ. ಈ ಸಲ ಕೇಸರಿ ತಗೋಳ್ರಿ. ಎಳೀಬ್ಯಾಡ್ರಿ."

ನದಾಫ್ ಡಾಕ್ಟರು ತಲೆಯೆತ್ತಲಿಲ್ಲ. ಸರ್ ನನ್ನನ್ನೇ ನೋಡುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ, ಕೆಲಸ ಹೋಯಿತು ಎಂದೂ ಅಂದುಕೊಂಡೆ.

"ಇದನ್ನ ಮೂರು ತಿಂಗಳ ಹಿಂದ ಹೇಳಬೇಕಿತ್ತು ತಂಗಿ" ಎಂದರು. ಸಿಟ್ಟಿರಲಿಲ್ಲ, ದನಿಯಲ್ಲಿ ಆಯಾಸವಿತ್ತು. "ನಾ ಏನ ನಿನ್ನ ನುಂಗತಿದ್ನೇನು?" ಎದ್ದು ಜಾಗ ಬಿಟ್ಟರು. "ನೀನ ಮಾಡು. ನಾ ಪ್ರೋಬ್ ಹಿಡೀತೇನಿ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಅಂಜಿದ್ದು ಇಲ್ಲದ ಗುಮ್ಮನಿಗೆ ಎಂದು ತಿಳಿದ ಮರುಗಳಿಗೆಯೇ ಆ ಕುತ್ತಿಗೆಗೆ ಸೂಜಿ ಹಾಕಬೇಕಿತ್ತು.

ಕೇಸರಿ ಸೂಜಿ ಎಷ್ಟು ಸಣ್ಣದೆಂದರೆ ಪರದೆಯಲ್ಲಿ ಅದರ ತುದಿ ಒಮ್ಮೆ ಮಿನುಗಿ ಒಮ್ಮೆ ಮಾಯವಾಗುತ್ತದೆ. ಪಕ್ಕದಲ್ಲೇ ದೊಡ್ಡ ರಕ್ತನಾಳ ಬಡಿದುಕೊಳ್ಳುತ್ತಿತ್ತು. ಗಂಟಿನ ನಡುವೆ ತುದಿ ತಲುಪಿಸಿ, ಹಿಂದೆ ಮುಂದೆ ಆಡಿಸಿ, ಬುಡದಲ್ಲಿ ಏನೂ ಕಾಣುವ ಮೊದಲೇ ಹೊರಗೆ ತೆಗೆದೆ. ನದಾಫ್ ಡಾಕ್ಟರು ಅದನ್ನು ಸ್ಲೈಡಿನ ಮೇಲೆ ಊದಿ, ಬಣ್ಣ ಹಾಕಿ, ಕಣ್ಣಿಟ್ಟರು. "ರಗತ ಇಲ್ಲ. ಆದ್ರ ಜೀವಕೋಶನೂ ಇಲ್ಲ." ಎರಡನೆಯ ಸಲ ಹಾಕಿದೆ. "ನಾಕೈದು ಅದಾವು. ಸಾಲೂದಿಲ್ರಿ." ಕರಿ ಸೂಜಿ ಪ್ಯಾಕೆಟ್ ಹರಿದು ಟ್ರೇಯ ಮೇಲೇ ಬಿದ್ದಿತ್ತು. ಸರ್ ಹೇಳಿದ್ದೇ ಸರಿಯೇನೋ, ಗಂಟು ಗಟ್ಟಿಯಿದೆ, ದಪ್ಪ ಸೂಜಿಯೇ ಬೇಕೇನೋ ಎಂದು ಕೈ ಆ ಕಡೆ ಹೋಗುವುದರಲ್ಲಿತ್ತು.

"ಸೂಜಿ ಅದ ಇರ್ಲಿ" ಎಂದರು ಸರ್. ಮೊದಲ ಸಲ ಅವರ ಬಾಯಲ್ಲಿ ಆ ಶಬ್ದ ನೇರವಾಗಿ ಬಂತು. "ಜಾಗಾ ಬದಲಿ ಮಾಡು. ನಡುವ ಬರೇ ಗಟ್ಟಿ ನಾರು ಅದ. ಅಂಚಿನ್ಯಾಗ ಹೋಗು, ನಾ ತೋರಸ್ತೇನಿ." ಪ್ರೋಬನ್ನು ಕೂದಲೆಳೆಯಷ್ಟು ಓರೆ ಮಾಡಿದರು. ಅಷ್ಟಕ್ಕೇ ಗಂಟಿನ ಅಂಚು ಬೇರೆಯಾಗಿ ಎದ್ದು ಕಂಡಿತು. ಮೂವತ್ತು ವರ್ಷದ ಕೈ ಅದು, ನನ್ನ ಓದಿಗೆ ಬರುವಂಥದ್ದಲ್ಲ.

ಮೂರನೆಯ ಸೂಜಿ ಒಳಗೆ ಹೋಗುತ್ತಿದ್ದಂತೆ ಸಿಸ್ಟರ್ ಬೆರಳೆತ್ತಿದರು, ಉಗುಳು ನುಂಗಬೇಕಿತ್ತು. ನುಂಗಿದರೆ ಗಂಟು ಮೇಲಕ್ಕೆ ಜಿಗಿಯುತ್ತದೆ. ತಟ್ಟನೆ ತೆಗೆದೆ. ಅವರು ನುಂಗಿದರು, ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು. "ಆತು, ಇದೊಂದು ಆತು ಸಿಸ್ಟರ್" ಎಂದೆ. ಹೊಸ ಸೂಜಿ. ಅಂಚು. ಹತ್ತು ಸಲ ಆಡಿಸಿದೆ, ಉಸಿರು ಬಿಡಲಿಲ್ಲ, ತೆಗೆದೆ.

ನದಾಫ್ ಡಾಕ್ಟರು ಕಣ್ಣಿಟ್ಟರು. "ಸಾಕು. ಬೇಕಾದಷ್ಟು ಬಂದಾವು" ಎಂದರು. ದಿನವೂ ಇಂಥ ಹೊತ್ತಿಗೆ ಏನಾದರೊಂದು ಚೇಷ್ಟೆ ಮಾಡುವ ಮನುಷ್ಯ ಮತ್ತೆ ತಲೆ ಬಗ್ಗಿಸಿದವರು ಬಹಳ ಹೊತ್ತು ಎತ್ತಲಿಲ್ಲ. ಸಿಸ್ಟರ್ ಎದ್ದು ಕೂತು, ಹತ್ತಿ ಒತ್ತಿಕೊಂಡು, ಅವರ ಬೆನ್ನನ್ನೇ ನೋಡುತ್ತಿದ್ದರು. ಇಪ್ಪತ್ತು ವರ್ಷ ಆ ಕೋಣೆಯಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾದ್ದು ಏನೂ ಇರಲಿಲ್ಲ.

ಕ್ಯಾನ್ಸರ್. ನಿಧಾನವಾಗಿ ಬೆಳೆಯುವ ಜಾತಿ, ತೆಗೆದರೆ ಗುಣವಾಗುವಂಥದ್ದು. ಮೂರು ತಿಂಗಳ ತಡದಿಂದ ಜೀವಕ್ಕೇನೂ ಅಪಾಯವಾಗಿಲ್ಲ ಎಂದು ಸರ್ಜನ್ ಹೇಳಿದರು, ಅದು ನಿಜವೂ ಹೌದು. ಮರುವಾರವೇ ಆಪರೇಷನ್ ಆಯಿತು. ಸಿಸ್ಟರ್ ವಾರ್ಡಿನಲ್ಲಿರುವಾಗಲೇ ಮಗಳಿಗೆ ಹೆರಿಗೆಯಾಯಿತು, ಹೆಣ್ಣು ಕೂಸು. ಹೊಲಿಗೆ ಹಸಿಯಿರುವ ತನಕ ಬಗ್ಗಬಾರದು, ಎತ್ತಬಾರದು ಎಂದರು. ಅದು ಮುಗಿಯುತ್ತಲೇ ಉಳಿದ ಬೇರು ಸುಡಲು ವಿಕಿರಣ ಸೂಸುವ ಅಯೋಡಿನ್ ಔಷಧ ಕುಡಿಸಿದರು. ಅದನ್ನು ಕುಡಿದವರು ಕೆಲವು ದಿನ ಕೂಸುಗಳ ಹತ್ತಿರ ಸುಳಿಯುವ ಹಾಗಿಲ್ಲ. ರೋಗಿಗಳಿಗೆ ಇದನ್ನೆಲ್ಲ ಹೇಳುತ್ತಿದ್ದವರು ಸಿಸ್ಟರೇ.

ಆಷಾಢ ಕಳೆದ ಮೇಲೆ ಒಂದು ಬೆಳಿಗ್ಗೆ ಉಣಕಲ್ಲಿನ ಅವರ ಮನೆಗೆ ಹೋದೆ. ಕ್ಷಮೆ ಕೇಳಲೇಬೇಕು ಎಂದು ನಿರ್ಧಾರ ಮಾಡಿಕೊಂಡೇ ಹೋಗಿದ್ದೆ. ಸಿಸ್ಟರ್ ಕುತ್ತಿಗೆಗೆ ಓಢಣಿ ಸುತ್ತಿಕೊಂಡು ಪಡಸಾಲೆಯ ಈ ತುದಿಯ ಕಂಬಕ್ಕೆ ಆತು ನಿಂತಿದ್ದರು. ಆ ತುದಿಯ ಬಚ್ಚಲಲ್ಲಿ, ಬೇರೆ ದಾರಿಯಿಲ್ಲದೆ ಊರಿಂದ ಕರೆಸಿಕೊಂಡಿದ್ದ ಮಗಳ ಅತ್ತೆ ಕಾಲು ಚಾಚಿ ಕೂತು ಕೂಸಿಗೆ ಎರೆಯುತ್ತಿದ್ದರು. "ನೀರು ಭಾಳ ಬಿಸಿ ಅದಾವ್ರಿ, ತಣ್ಣೀರು ಬೆರಸ್ರಿ. ಕುತ್ತಿಗಿ ಹಿಡೀರಿ, ಕುತ್ತಿಗಿ" ಎಂದು ಸಿಸ್ಟರ್ ಆಪರೇಷನ್ನಿನಿಂದ ಒಡೆದ ದನಿಯಲ್ಲಿ ಇಲ್ಲಿಂದಲೇ ಕೂಗುತ್ತಿದ್ದರು. ಮಳೆಯ ಸದ್ದಿನಲ್ಲಿ ಅದು ಅಲ್ಲಿಗೆ ಮುಟ್ಟುತ್ತಿರಲಿಲ್ಲ.

ನನ್ನನ್ನು ಕಂಡು ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ.

"ಇನ್ನ ಎಂಟು ದಿನ ದೂರ ಇರಬೇಕಂತ್ರಿ" ಎಂದರು, ಬಚ್ಚಲಿನಿಂದ ಕಣ್ಣು ಕೀಳದೆ. "ಆಮ್ಯಾಲ ಎತಗೋಬಹುದು. ಆದ್ರ ಹಸಗೂಸಿಗೆ ಎರಿಯೂದು ಇಲ್ಲಿಗೆ ಮುಗೀತಲ್ರಿ."

"ಸಿಸ್ಟರ್, ನನ್ನ ತಪ್ಪಿನಿಂದ ಹಿಂಗಾತು. ಕ್ಷಮಿಸ್ರಿ" ಎಂದೆ.

ಹಾಗೇನಿಲ್ಲ ಬಿಡ್ರಿ ಎನ್ನುತ್ತಾರೆ ಎಂದು ಒಳಗೊಳಗೇ ಆಸೆಯಿತ್ತು. ಈ ಕಡೆ ಎಲ್ಲರೂ ಅನ್ನುವುದು ಹಾಗೆಯೇ. ಬಚ್ಚಲಲ್ಲಿ ಕೂಸು ಚೀರಿತು. ಸಿಸ್ಟರ್ ಒಂದು ಹೆಜ್ಜೆ ಮುಂದಿಟ್ಟು ಅಲ್ಲಿಗೇ ನಿಂತರು.

"ಹೌದ್ರಿ, ತಪ್ಪು ನಿಮ್ಮದ ಐತಿ" ಎಂದರು. ತಿರುಗದೆಯೇ ಮತ್ತೆ ಕುರ್ಚಿಯ ಕಡೆ ಕೈ ತೋರಿಸಿ, "ಕುಂದರ್ರಿ. ಚಾ ಕುಡದ ಹೋಗ್ರಿ."

ಕೂತೆ. ಎರೆಯುವುದು ಮುಗಿಯುವವರೆಗೂ ಅವರು ನನ್ನ ಕಡೆ ತಿರುಗಲಿಲ್ಲ. ನಾನು ಚಹಾ ಕುಡಿದೇ ಬಂದೆ.